ಅರ್ಧಕ್ಕೆ ನಿಂತ ವಿಮಾನಗಳ ಲೆಕ್ಕ

ಮುಂಬಯಿಯಲ್ಲಿ ಹಳೆಯ ಕಟ್ಟಡವೊಂದು ರಿಡೆವಲಪ್‌ಮೆಂಟ್‌ಗೆ ಹೋಗುತ್ತದೆಂದರೆ ಅಲ್ಲಿನ ಮನೆಗಳ ಅಟ್ಟಕ್ಕೆ ಕೊನೆಗೂ ಕೈ ಹಾಕಲೇಬೇಕಾಗುತ್ತದೆ. ಮಾಟುಂಗಾ ಇರಲಿ, ಗೋರೆಗಾಂವ್ ಇರಲಿ, ಡೊಂಬಿವಲಿ ಇರಲಿ, ಹೊಸ ಕಟ್ಟಡ ಏಳುವ ತನಕ ಬಾಡಿಗೆ ಮನೆಗೆ ಹೋಗುವವರು ದಶಕಗಳ ಸಾಮಾನನ್ನು ಕೆಳಗಿಳಿಸಿ ಬೇಕಾದದ್ದು, ಬೇಡವಾದದ್ದು ಎಂದು ವಿಂಗಡಿಸಬೇಕು. ಹಿತ್ತಾಳೆ ಕೊಳಗ, ಹಿಡಿ ಮುರಿದ ಸೂಟ್‌ಕೇಸು, ದೀಪಾವಳಿಯ ಕಂದೀಲುಗಳ ನಡುವೆ ಕೆಲವು ಮನೆಗಳಲ್ಲಿ ಇನ್ನೊಂದು ಬಗೆಯ ಪೆಟ್ಟಿಗೆಯೂ ಇಳಿದು ಬರುತ್ತದೆ. ಮುಚ್ಚಳದ ಮೇಲೆ ಮೋಡ ಸೀಳಿ ಬರುವ ಯುದ್ಧವಿಮಾನದ ಚಿತ್ರ. ಒಳಗೆ ರೆಕ್ಕೆ ಅಂಟಿಸಿದ, ಚಕ್ರ ಅಂಟಿಸದ, ಒಂದು ಪಕ್ಕಕ್ಕೆ ಮಾತ್ರ ಬಣ್ಣ ಕಂಡ ಪ್ಲಾಸ್ಟಿಕ್ ವಿಮಾನ. ಗುಜರಿಯ ಭಂಗಾರ್‌ವಾಲಾ ಅದನ್ನು ತಕ್ಕಡಿಗೆ ಹಾಕಿದರೆ ಮುಳ್ಳು ಅಲುಗುವುದಿಲ್ಲ. ಎಸೆಯಲು ಮನಸ್ಸು ಬಾರದೆ ಮತ್ತೆ ಕಟ್ಟಿಡುವವರೇ ಹೆಚ್ಚು. ಮತ್ತೆ ಕಟ್ಟಿಡುವುದೇ ಇರುವ ದಾರಿಗಳಲ್ಲೆಲ್ಲ ಕೆಟ್ಟದ್ದು ಎಂಬುದು ಈ ಲೇಖನದ ವಾದ. ಇಂಥ ಕಿಟ್‌ಗಳಲ್ಲಿ ಬಹುಪಾಲನ್ನು ಮುಗಿಸಬಹುದು, ಮುಗಿಸಬೇಕು. ಆದರೆ ಮುಗಿಸುವ ಕೆಲಸವನ್ನು ಕಟ್ಟುವ ಕೆಲಸದ ಮುಂದುವರಿಕೆಯೆಂದು ತಿಳಿದರೆ ಅದು ಎರಡನೆಯ ಸಲವೂ ನಿಲ್ಲುತ್ತದೆ. ಅದು ದುರಸ್ತಿಯ ಕೆಲಸ. ಅದರ ಕ್ರಮ ಬೇರೆ, ಅಳತೆಗೋಲೂ ಬೇರೆ.

ಕಾಯಿಸಿ ಕರಗಿಸಿದ ಪಾಲಿಸ್ಟೈರೀನನ್ನು ಉಕ್ಕಿನ ಅಚ್ಚಿನೊಳಕ್ಕೆ ಒತ್ತಡದಿಂದ ತುಂಬಿದಾಗ ವಿಮಾನದ ಭಾಗಗಳೆಲ್ಲ ಒಂದು ಕಡ್ಡಿಯ ಚೌಕಟ್ಟಿಗೆ ಅಂಟಿಕೊಂಡು ಹೊರಬರುತ್ತವೆ. ಆ ಚೌಕಟ್ಟೇ ಸ್ಪ್ರೂ. ಅದರಿಂದ ಭಾಗಗಳನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿ, ಡೆಕಾಲ್ ಎಂಬ ನೀರಲ್ಲಿ ನೆನೆಸಿ ಕೂರಿಸುವ ಚಿತ್ರಗಳನ್ನು ಹಚ್ಚಿದರೆ ಕಿರುಮಾದರಿ ಸಿದ್ಧ. ಬ್ರಿಟನ್ನಿನ ಫ್ರಾಗ್ ಸಂಸ್ಥೆ 1936ರಲ್ಲೇ ಪೆಂಗ್ವಿನ್ ಎಂಬ ಹೆಸರಿನಲ್ಲಿ ಪ್ಲಾಸ್ಟಿಕ್ ವಿಮಾನದ ಕಿಟ್‌ಗಳನ್ನು ಮಾರಿತ್ತು. ಎರಡನೆಯ ಮಹಾಯುದ್ಧದಲ್ಲಿ ವೈರಿ ವಿಮಾನ ಯಾವುದು, ನಮ್ಮದು ಯಾವುದು ಎಂದು ಕಣ್ಣಳತೆಯಲ್ಲೇ ಗುರುತಿಸುವ ತರಬೇತಿಗಾಗಿ ಅಮೆರಿಕದ ನೌಕಾಪಡೆ ಶಾಲಾ ಮಕ್ಕಳಿಂದ ಐದು ಲಕ್ಷ ಮರದ ಮಾದರಿಗಳನ್ನು ಮಾಡಿಸಲು ಹೊರಟಿತು. ಅವುಗಳ ಅಳತೆ 1/72, ಅಂದರೆ ಆರು ಅಡಿಗೆ ಒಂದು ಅಂಗುಲ. ಯುದ್ಧ ಮುಗಿದ ಮೇಲೂ ಆ ಅಳತೆ ಉಳಿದುಕೊಂಡಿತು. 1939ರಲ್ಲಿ ನಿಕೋಲಸ್ ಕೋವ್ ಕಟ್ಟಿದ ಏರ್‌ಫಿಕ್ಸ್ 1952ರಲ್ಲಿ ಗೋಲ್ಡನ್ ಹೈಂಡ್ ಹಡಗಿನ ಕಿಟ್ಟನ್ನು ವುಲ್‌ವರ್ತ್ ಅಂಗಡಿಗಳಲ್ಲಿ ಎರಡು ಶಿಲ್ಲಿಂಗಿಗೆ ಮಾರಿತು. ಮರುವರ್ಷ ಸ್ಪಿಟ್‌ಫೈರ್ ವಿಮಾನ ತಂದಿತು. ಕೈಖರ್ಚಿನ ಕಾಸಿಗೆ ಸಿಗುವ, ರಜಾದಿನಗಳಲ್ಲಿ ಮುಗಿಯುವ ವಸ್ತು ಎಂಬುದೇ ಈ ಹವ್ಯಾಸದ ಮೂಲ ಲೆಕ್ಕಾಚಾರ. ಅರ್ಧಕ್ಕೆ ನಿಂತ ಕಿಟ್‌ಗಳು ಇಷ್ಟೊಂದು ಇರುವುದಕ್ಕೂ ಆ ಲೆಕ್ಕಾಚಾರವೇ ಒಂದು ಕಾರಣ: ಅಗ್ಗದ್ದನ್ನು ಶುರು ಮಾಡುವುದು ಸುಲಭ, ಬಿಡುವುದು ಇನ್ನೂ ಸುಲಭ.

ಭಾರತದಲ್ಲಿ ಮಾತ್ರ ಅದು ಅಗ್ಗದ್ದಾಗಿರಲಿಲ್ಲ. ಬಳಕೆಯ ವಸ್ತುಗಳ ಆಮದಿಗೆ ಪರವಾನಗಿ ಬೇಕಿದ್ದ ಕಾಲದಲ್ಲಿ ಇಂಥ ಪೆಟ್ಟಿಗೆಗಳು ಹೆಚ್ಚಾಗಿ ಬರುತ್ತಿದ್ದುದು ವಿದೇಶದಿಂದ ಊರಿಗೆ ಮರಳುವವರ ಲಗೇಜಿನಲ್ಲಿ. ಬಂದರು, ವಿಮಾನ ನಿಲ್ದಾಣ ಎರಡೂ ಇದ್ದ ಮುಂಬಯಿಗೆ ಈ ವಿಷಯದಲ್ಲಿ ಬೇರೆ ಎಷ್ಟೋ ಊರುಗಳಿಗಿಲ್ಲದ ಅನುಕೂಲವಿತ್ತು. ಆಮದಿನ ಮೇಲೆ ಉಳಿದಿದ್ದ ಪ್ರಮಾಣದ ನಿರ್ಬಂಧಗಳು 2001ರ ಏಪ್ರಿಲ್ 1ರಂದು ತೆರವಾದ ಮೇಲೆ ಕಿಟ್‌ಗಳು ಅಂಗಡಿಗೆ ಬಂದವು. ಆದರೆ ಸುಂಕದ ಪಟ್ಟಿಯಲ್ಲಿ ಕಿರುಮಾದರಿ, ಆಟಿಕೆ, ಪಜಲ್ ಎಲ್ಲವೂ 9503 ಎಂಬ ಒಂದೇ ಶೀರ್ಷಿಕೆಯ ಕೆಳಗೆ ಬರುತ್ತವೆ. ಆಟಿಕೆಗಳ ಮೇಲಿನ ಮೂಲ ಸುಂಕ 2020ರಲ್ಲಿ ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಬೊಂಬೆಗೆ ಹಾಕಿದ ಏಟು ವಿಮಾನದ ಕಿಟ್ಟಿಗೂ ಬಿತ್ತು. ಇದರ ಪರಿಣಾಮ ವಿಚಿತ್ರವಾದದ್ದು. ತೆರೆಯದ ಹಳೆಯ ಪೆಟ್ಟಿಗೆಗೆ ಸಂಗ್ರಾಹಕರಲ್ಲಿ ಬೆಲೆಯುಂಟು. ಅದನ್ನು ಕಟ್ಟದೆ ಇಟ್ಟವನನ್ನು ದೂರಲಾಗದು. ಒಮ್ಮೆ ಅಂಟು ತಾಗಿದ ಕಿಟ್ಟಿಗೆ ಮಾರುಕಟ್ಟೆಯಲ್ಲಿ ಬೆಲೆಯೇ ಇಲ್ಲ, ಆದರೆ ಅದರ ಬದಲಿಗೆ ಹೊಸದನ್ನು ತರಲು ಕೈತುಂಬ ಹಣ ತೆರಬೇಕು. ಮಾರಿದರೆ ಏನೂ ಬಾರದ, ಕೊಂಡರೆ ದುಬಾರಿಯಾಗುವ ವಸ್ತುವನ್ನು ಬಳಸಿ ಮುಗಿಸುವುದೇ ಜಾಣತನ ಎಂಬುದಕ್ಕೆ ಭಾವುಕತೆ ಬೇಕಿಲ್ಲ, ಮನೆಲೆಕ್ಕ ಬರೆಯುವ ಬುದ್ಧಿ ಸಾಕು.

ಅರ್ಧಕ್ಕೆ ಬಿಟ್ಟವರನ್ನು ಆರಂಭಶೂರರೆಂದು ಬೈದು ಸುಮ್ಮನಾಗುವುದು ಸುಲಭ. ಪೆಟ್ಟಿಗೆಗಳು ಬೇರೆ ಮಾತು ಹೇಳುತ್ತವೆ. ಕಿಟ್ಟು ಎಲ್ಲೆಂದರಲ್ಲಿ ನಿಲ್ಲುವುದಿಲ್ಲ, ಕೆಲವು ಗೊತ್ತಾದ ಕಡೆಗಳಲ್ಲೇ ನಿಲ್ಲುತ್ತದೆ. ಪೈಲಟ್ ಕೂರುವ ಕಾಕ್‌ಪಿಟ್ಟು, ಒಡಲಿನ ಎರಡು ಹೋಳು, ರೆಕ್ಕೆ ಇವೆಲ್ಲ ಮೊದಲ ಹುರುಪಿನಲ್ಲಿ ಕೂಡಿಕೊಳ್ಳುತ್ತವೆ. ಮೊದಲ ತಡೆ ಎದುರಾಗುವುದು ಹೋಳುಗಳು ಸೇರುವ ಕಡೆಯ ಸಂದನ್ನು ಪುಟ್ಟಿ ತುಂಬಿ ಉಜ್ಜುವಾಗ. ಎರಡನೆಯದು ಪಾರದರ್ಶಕ ಕ್ಯಾನೊಪಿಯನ್ನು ಅಂಟಿನ ಕಲೆಯಾಗದಂತೆ ಕೂರಿಸುವಾಗ. ಮೂರನೆಯದು ಬಣ್ಣ, ಕೊನೆಯದು ಡೆಕಾಲ್. ಪೆಟ್ಟಿಗೆಯೊಳಗೆ ಬರುವುದು ಪ್ಲಾಸ್ಟಿಕ್ಕು, ಡೆಕಾಲ್ ಹಾಳೆ, ಸೂಚನೆಯ ಕಾಗದ ಇಷ್ಟೇ. ಪುಟ್ಟಿ, ಇನಾಮಲ್ ಬಣ್ಣದ ಪುಟ್ಟ ಡಬ್ಬಿ, ಥಿನ್ನರ್, ವಾರ್ನಿಶ್ ಹೊರಗಿನಿಂದ ಬರಬೇಕು. ಪೆಟ್ಟಿಗೆ ತಂದುಕೊಟ್ಟ ನೆಂಟರು ಬಣ್ಣ ತಂದಿರುತ್ತಿರಲಿಲ್ಲ. ಶಾಲೆಯ ಪೋಸ್ಟರ್ ಬಣ್ಣ ಪ್ಲಾಸ್ಟಿಕ್ಕಿಗೆ ಹಿಡಿಯದೆ ಹೊಪ್ಪಳಿಕೆ ಏಳುತ್ತಿತ್ತು. ಹಾಗಾಗಿ ಬಹಳಷ್ಟು ಕಿಟ್‌ಗಳು ನಿಂತದ್ದು ಮನಸ್ಸು ಸೋತ ಕಡೆಯಲ್ಲಿ ಅಲ್ಲ, ಸಾಮಗ್ರಿ ಮುಗಿದ ಕಡೆಯಲ್ಲಿ. ಏರ್ ಇಂಡಿಯಾದ ಜಂಬೊ ಜೆಟ್ ಕಟ್ಟಲು ಹೊರಟವರ ಪಾಡು ಇನ್ನೂ ಕಷ್ಟ. ಆ ವಿಮಾನದ ಪ್ರತಿ ಕಿಟಕಿಗೂ ಕೆಂಪು ಝರೋಕಾ ಕಮಾನಿನ ಅಂಚಿತ್ತು. 1/144 ಅಳತೆಯಲ್ಲಿ ಆ ಸಾಲು ಕಮಾನುಗಳನ್ನು ಬೆಂಕಿಕಡ್ಡಿ ದಪ್ಪದ ಪಟ್ಟಿಯೊಳಗೆ ಕೂರಿಸುವುದು ಡೆಕಾಲ್ ಇಲ್ಲದೆ ಆಗದ ಮಾತು. ನಿಂತ ಜಾಗ ಯಾವುದೆಂದು ಗುರುತಿಸಿದರೆ ನಿಲ್ಲಿಸಿದ ಕಾರಣ ಸಿಗುತ್ತದೆ. ಅಂದಿನ ಆ ಕಾರಣಗಳಲ್ಲಿ ಹೆಚ್ಚಿನವು ಇಂದು ಇಲ್ಲ.

ಕಾರಣ ಹೋದರೂ ಕಾಲ ಸುಮ್ಮನಿರುವುದಿಲ್ಲ. ಮುಂಬಯಿಯ ಮಳೆಗಾಲದ ಗಾಳಿಯಲ್ಲಿ ಅಟ್ಟದ ಪೆಟ್ಟಿಗೆ ನೆನೆಯದಿದ್ದರೂ ಬೆವರುತ್ತದೆ. ಪಾಲಿಸ್ಟೈರೀನ್ ತೇವ ಹೀರುವುದಿಲ್ಲ, ಕೊಳೆಯುವುದಿಲ್ಲ, ಗೆದ್ದಲಿಗೂ ಬೇಡ. ಬಿಸಿಲು ತಾಗದೆ ಕತ್ತಲಲ್ಲಿದ್ದರೆ ದಶಕಗಳ ಮೇಲೂ ಕೆಲಸಕ್ಕೆ ಬರುತ್ತದೆ. ಹೆಚ್ಚೆಂದರೆ ಭಾರದಡಿ ಸಿಕ್ಕ ರೆಕ್ಕೆ ಸೊಟ್ಟಗಾಗಿರುತ್ತದೆ. ಡೆಕಾಲ್ ಹಾಗಲ್ಲ. ಕಾಗದ, ಗೋಂದು, ಶಾಯಿ, ವಾರ್ನಿಶ್ ಎಂಬ ನಾಲ್ಕು ಪದರಗಳ ಆ ಹಾಳೆಯಲ್ಲಿ ಗೋಂದಿಗೆ ಬೂಷ್ಟು ಹಿಡಿಯುತ್ತದೆ, ವಾರ್ನಿಶ್ ಹಳದಿಯಾಗುತ್ತದೆ, ನೀರಿಗೆ ಹಾಕಿದ ಕ್ಷಣ ಚಿತ್ರ ಚೂರುಚೂರಾಗುತ್ತದೆ. ಟಯರುಗಳದ್ದು ಇನ್ನೊಂದು ಕಥೆ. ಕೆಲವು ಕಿಟ್‌ಗಳಲ್ಲಿ ಟಯರನ್ನು ಮೆತ್ತನೆಯ ವಿನೈಲ್‌ನಲ್ಲಿ ಮಾಡಿರುತ್ತಾರೆ. ಅದನ್ನು ಮೆತ್ತಗಿಡಲು ಸೇರಿಸಿದ ರಾಸಾಯನಿಕ ನಿಧಾನಕ್ಕೆ ಹೊರಗೆ ಜಿನುಗಿ, ತಾಗಿದ ಪಾಲಿಸ್ಟೈರೀನ್ ಚಕ್ರವನ್ನೇ ಕರಗಿಸಿ ತಿನ್ನುತ್ತದೆ. ಕ್ಯಾನೊಪಿಗೆ ಫೆವಿಕ್ವಿಕ್‌ನಂಥ ಅಂಟು ಬಳಸಿದ್ದರೆ ಅದರ ಆವಿ ಕೂತು ಗಾಜು ಮಂಜು ಹಿಡಿದಂತೆ ಬಿಳುಚಿರುತ್ತದೆ. ಒಟ್ಟಿನಲ್ಲಿ ಮೂಳೆ ಗಟ್ಟಿಯಿದೆ, ಚರ್ಮ ಕೆಟ್ಟಿದೆ. ಈ ವ್ಯತ್ಯಾಸ ತಿಳಿದವರು ಪೆಟ್ಟಿಗೆ ತೆರೆದ ಕೂಡಲೇ ಅಂಟಿಗೆ ಕೈ ಹಾಕುವುದಿಲ್ಲ. ಮೊದಲು ಸೂಚನೆಯ ಕಾಗದ ಹರಡಿ, ಭಾಗಗಳ ಸಂಖ್ಯೆ ನೋಡಿ, ಇದ್ದದ್ದು, ಇಲ್ಲದ್ದು, ಕೆಟ್ಟದ್ದು ಎಂದು ಪಟ್ಟಿ ಮಾಡುತ್ತಾರೆ.

ಆ ಪಟ್ಟಿಯ ಒಂದೊಂದಕ್ಕೂ ಮದ್ದುಂಟು. ಪ್ಲಾಸ್ಟಿಕ್ ಸಿಮೆಂಟು ಹೆಸರಿಗೆ ಅಂಟು. ಮಾಡುವ ಕೆಲಸ ಬೆಸುಗೆಯದು. ಅದು ಎರಡೂ ಮೈಗಳನ್ನು ಕರಗಿಸಿ ಒಂದು ಮಾಡಿ ಆರುತ್ತದೆ. ಆದ್ದರಿಂದ ಆ ಜೋಡಣೆ ಸೊಟ್ಟಗಿದ್ದರೆ ಸಣ್ಣ ಗರಗಸದಿಂದ ಕತ್ತರಿಸಬೇಕು, ಇಲ್ಲವೆ ಒಪ್ಪಿಕೊಳ್ಳಬೇಕು. ಫೆವಿಕ್ವಿಕ್ ಜಾತಿಯ ಅಂಟು ಚಳಿಗೆ ಪೆಡಸಾಗುತ್ತದೆ. ಫ್ರೀಜರಿನಲ್ಲಿ ಕೆಲವು ಗಂಟೆ ಇಟ್ಟು ಮೆಲ್ಲಗೆ ಬಗ್ಗಿಸಿದರೆ ಎಷ್ಟೋ ಸಲ ತಾನೇ ಬಿಡುತ್ತದೆ. ದಪ್ಪಗೆ ಬಳಿದ ಹಳೆಯ ಬಣ್ಣವನ್ನು ಕೀಳಲು ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ದಾರಿ, ಡೆಟಾಲಿನಲ್ಲಿ ಮುಳುಗಿಸಿಟ್ಟು ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕುವುದು ಇನ್ನೊಂದು. ಎರಡಕ್ಕೂ ಕೈಗವಸು ಬೇಕು, ಕಿಟಕಿ ತೆರೆದಿರಬೇಕು. ಬಿಳುಚಿದ ಕ್ಯಾನೊಪಿಯನ್ನು ನುಣುಪು ಮರಳುಕಾಗದದಿಂದ ಮೊದಲ್ಗೊಂಡು ಬ್ರಾಸೊ ತನಕ ತಿಕ್ಕಿ, ಮೇಲೊಂದು ಪಾರದರ್ಶಕ ಅಕ್ರಿಲಿಕ್ ಪದರ ಕೊಟ್ಟರೆ ಗಾಜು ಮರಳುತ್ತದೆ. ಸಂದು ತುಂಬಲು ಕಾರಿಗೆ ಬಳಸುವ ಎನ್‌ಸಿ ಪುಟ್ಟಿ ಇದೆ. ಹಳದಿಯಾದ ಡೆಕಾಲನ್ನು ಬಿಸಿಲಿನ ಕಿಟಕಿಗೆ ಅಂಟಿಸಿಟ್ಟರೆ ಬಣ್ಣ ತಿಳಿಯಾಗುವುದುಂಟು; ಒಡೆಯುವಂತಿದ್ದರೆ ಮೇಲೆ ವಾರ್ನಿಶ್ ಸಿಂಪಡಿಸಿ, ಮೊದಲು ಬೇಡವಾದ ಮೂಲೆಯ ತುಣುಕನ್ನು ನೆನೆಸಿ ನೋಡಬೇಕು. ಕಳೆದುಹೋದ ಭಾಗಕ್ಕೂ ದಾರಿಯಿದೆ. ಉಕ್ಕಿನ ಅಚ್ಚು ದಶಕಗಟ್ಟಲೆ ಬಾಳುವುದರಿಂದ ಕಂಪನಿಗಳು ಹಳೆಯ ಕಿಟ್ಟನ್ನೇ ಹೊಸ ಪೆಟ್ಟಿಗೆಯಲ್ಲಿ ಮತ್ತೆ ಮತ್ತೆ ತರುತ್ತವೆ. ಫ್ರಾಗ್ 1970ರ ದಶಕದಲ್ಲಿ ಮುಚ್ಚಿದಾಗ ಅದರ ಎಷ್ಟೋ ಅಚ್ಚುಗಳು ಸೋವಿಯತ್ ಒಕ್ಕೂಟಕ್ಕೆ ಹೋಗಿ ನೋವೊ ಹೆಸರಿನ ಪೆಟ್ಟಿಗೆಗಳಲ್ಲಿ ಮರಳಿ ಬಂದವು. ಹೆಸರು ಬೇರೆಯಾದರೂ ಚಕ್ರ ಅದೇ ಚಕ್ರ. ಕೆಲಸದ ಹಂಚಿಕೆಗೂ ಊರಿನ ಹವೆಯೇ ಪಂಚಾಂಗ: ಉಜ್ಜುವುದು, ಅಂಟಿಸುವುದು ಮಳೆಗಾಲದಲ್ಲಿ ಆದೀತು, ವಾರ್ನಿಶ್ ತೇವಕ್ಕೆ ಬಿಳುಚುವುದರಿಂದ ಸಿಂಪಡಿಸುವ ಕೆಲಸವೆಲ್ಲ ದೀಪಾವಳಿ ಕಳೆದ ಮೇಲೆಯೇ.

ಬಿಟ್ಟುಹೋದದ್ದನ್ನು ದುರಸ್ತಿ ಮಾಡಿ ಮುಗಿಸುವುದು ಎರಡನೆ ದರ್ಜೆಯ ಕೆಲಸ ಎಂಬ ಭಾವನೆ ನಮ್ಮಲ್ಲಿದೆ. ಅದಕ್ಕೆ ಉತ್ತರ ಹೇಳಬಲ್ಲ ನಿಜವಾದ ವಿಮಾನಗಳೇ ಇವೆ, ಅದೂ ಮುಂಬಯಿ ಮತ್ತು ಬೆಂಗಳೂರು ಎರಡಕ್ಕೂ ಸೇರಿದ ಕಾರ್ಖಾನೆಯೊಂದರಲ್ಲಿ. ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದರು. ಇಂದಿನ ಎಚ್‌ಎಎಲ್‌ನ ಮೂಲ ಅದು. ಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆ ಬಿ-24 ಲಿಬರೇಟರ್ ಬಾಂಬರುಗಳನ್ನು ಕಾನ್ಪುರದಲ್ಲಿ ಬಿಟ್ಟುಹೋಯಿತು. ಬೇರೆಯವರು ಹಾರಿಸದಿರಲಿ ಎಂದು ಬೇಕೆಂದೇ ಕೆಡಿಸಿಯೂ ಹೋಯಿತು. ಸ್ವಾತಂತ್ರ್ಯದ ಹೊಸದರಲ್ಲಿ ಬಾಂಬರ್ ಕೊಳ್ಳುವ ಹಣ ಭಾರತದ ಬಳಿ ಇರಲಿಲ್ಲ. ಗುಜರಿ ಸೇರಿದ್ದ ಆ ರಾಶಿಯಲ್ಲಿ ಒಂದರ ಭಾಗ ಇನ್ನೊಂದಕ್ಕೆ ಜೋಡಿಸಿ, ಹಾರುವಷ್ಟು ಮಾತ್ರ ಸರಿಪಡಿಸಿ, ಎಚ್‌ಎಎಲ್ ಪೈಲಟ್ ಜೆ.ಕೆ. ಮುನ್ಷಿ ಅವುಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಅಲ್ಲಿ ಪೂರ್ತಿ ದುರಸ್ತಿಯಾದ 40ಕ್ಕೂ ಹೆಚ್ಚು ವಿಮಾನಗಳು ಭಾರತೀಯ ವಾಯುಪಡೆ ಸೇರಿದವು, 1968ರ ತನಕ ಹಾರಿದವು. ಬೇರೆ ದೇಶಗಳು ತಮ್ಮ ಲಿಬರೇಟರುಗಳಲ್ಲಿ ಬಹುಪಾಲನ್ನು ಎಂದೋ ಕರಗಿಸಿಬಿಟ್ಟಿದ್ದವು. ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಮ್ಮಿಗೆ ಲಿಬರೇಟರ್ ಬೇಕಾದಾಗ ಅದು ಹೋದದ್ದು ಭಾರತದಿಂದಲೇ. ಹೊಸದನ್ನು ಕಟ್ಟಿದವರಿಗಿಂತ ಕೆಟ್ಟದ್ದನ್ನು ಮುಗಿಸಿದವರ ಕೈಕೆಲಸ ಹೆಚ್ಚು ಕಾಲ ಉಳಿದ ಈ ನಿದರ್ಶನದಲ್ಲಿ ಕ್ರಮವೂ ಇದೆ: ಮೊದಲು ತಪಾಸಣೆ, ಆಮೇಲೆ ಭಾಗಗಳ ಕೂಡಿಕೆ, ಸಾಕಷ್ಟು ಎಂಬುದರ ನಿರ್ಧಾರ, ಕೊನೆಗೆ ಅಂದಚೆಂದ. ಮೇಜಿನ ಮೇಲಿನ ಕಿಟ್ಟಿಗೂ ಇದೇ ಸರಿಯಾದ ಕ್ರಮ.

ಇಲ್ಲಿ ಅರ್ಥಶಾಸ್ತ್ರ ಬಲ್ಲವರು ಗಟ್ಟಿ ಆಕ್ಷೇಪವೊಂದನ್ನು ಎತ್ತುತ್ತಾರೆ. ಶುರು ಮಾಡಿದ್ದೇವೆ ಎಂಬ ಒಂದೇ ಕಾರಣಕ್ಕೆ ಮುಂದುವರಿಸುವುದು ದೋಷ. ಕಳೆದದ್ದು ಕಳೆಯಿತು, ಮುಂದಿನ ಖರ್ಚನ್ನಷ್ಟೇ ನೋಡಬೇಕು. ಈ ದೋಷಕ್ಕೆ ವಿಮಾನದ್ದೇ ಹೆಸರಿದೆ. ಲಾಭ ಬಾರದೆಂದು ತಿಳಿದ ಮೇಲೂ ಬ್ರಿಟನ್, ಫ್ರಾನ್ಸ್ ಸರ್ಕಾರಗಳು ಕಾಂಕಾರ್ಡ್ ಯೋಜನೆಗೆ ಹಣ ಸುರಿದದ್ದನ್ನು ನೆನೆದು ಅದನ್ನು ಕಾಂಕಾರ್ಡ್ ದೋಷ ಎನ್ನುತ್ತಾರೆ. ಕೊನೆಗೆ ತಯಾರಾದದ್ದು 20 ವಿಮಾನ, ವಿಮಾನಯಾನ ಸಂಸ್ಥೆಗಳಿಗೆ ಹೋದದ್ದು 14. ಎರಡು ಕಾಂಕಾರ್ಡ್‌ಗಳಿಗೆ ಹೆಸರು ಬರೆಸಿದ್ದ ಏರ್ ಇಂಡಿಯಾ ಸಕಾಲದಲ್ಲಿ ಹಿಂದೆ ಸರಿದು ಬಚಾವಾಯಿತು. ಹ್ಯಾಲ್ ಆರ್ಕ್ಸ್ ಮತ್ತು ಕ್ಯಾಥರಿನ್ ಬ್ಲೂಮರ್ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಟಕಗಳ ಸೀಸನ್ ಟಿಕೆಟ್ಟಿಗೆ ಪೂರ್ತಿ ಹಣ ಕೊಟ್ಟವರು ರಿಯಾಯಿತಿ ಸಿಕ್ಕವರಿಗಿಂತ ಹೆಚ್ಚು ನಾಟಕಗಳಿಗೆ ಹೋದರು. ತೆತ್ತ ಹಣ ಕಾಲನ್ನು ಎಳೆಯಿತು. ಆಕ್ಷೇಪ ಒಪ್ಪತಕ್ಕದ್ದೇ. ಆದರೆ ಅದೇ ತಕ್ಕಡಿಯಲ್ಲಿ ಅರ್ಧ ಕಿಟ್ಟನ್ನು ತೂಗಿ ನೋಡಬೇಕು. ಹಿಂದಿನ ಖರ್ಚನ್ನು ಪೂರ್ತಿ ಮರೆತುಬಿಡೋಣ. ಮುಂದಿನ ಖರ್ಚು ಒಂದಿಷ್ಟು ಬಣ್ಣ, ಪುಟ್ಟಿ, ಕೆಲವು ಸಂಜೆಗಳು. ಫಲ ಒಂದು ಪೂರ್ತಿ ವಿಮಾನ. ಹೊಸ ಕಿಟ್ಟಿನಲ್ಲಿ ಅದೇ ಫಲಕ್ಕೆ ಪೆಟ್ಟಿಗೆಯ ಬೆಲೆಯೂ, ಜೋಡಿಸುವ ಶ್ರಮವೂ ಸೇರುತ್ತದೆ. ಕಾಂಕಾರ್ಡಿನಲ್ಲಿ ಬಾಕಿ ಉಳಿದ ಖರ್ಚು ಬೆಟ್ಟದಷ್ಟಿತ್ತು. ಇಲ್ಲಿ ಬಾಕಿಯೇ ಚಿಕ್ಕದು. ಮುಂದಿನದನ್ನಷ್ಟೇ ನೋಡು ಎಂಬ ತರ್ಕವೇ ಹೆಚ್ಚಿನ ಕಿಟ್‌ಗಳ ವಿಷಯದಲ್ಲಿ ಮುಗಿಸು ಎನ್ನುತ್ತದೆ.

ಮನೋವಿಜ್ಞಾನವೂ ಇಲ್ಲಿ ಸಾಕ್ಷಿ ಹೇಳುತ್ತದೆ, ಆದರೆ ಜನಪ್ರಿಯವಾಗಿರುವ ಸಾಕ್ಷಿಯಲ್ಲ. ಅರ್ಧಕ್ಕೆ ನಿಂತ ಕೆಲಸ ಹೆಚ್ಚು ನೆನಪಿರುತ್ತದೆ ಎಂದು ಬರ್ಲಿನ್ನಿನಲ್ಲಿ ಬ್ಲೂಮಾ ಜೈಗಾರ್ನಿಕ್ 1927ರಲ್ಲಿ ಬರೆದರು. ಮುಂದಿನ ಪ್ರಯೋಗಗಳಲ್ಲಿ ಅದು ಗಟ್ಟಿಯಾಗಿ ನಿಂತಿಲ್ಲ. ಅವರ ಜೊತೆಗಾರ್ತಿ ಮರಿಯಾ ಒವ್ಸಿಯಾಂಕಿನಾ 1928ರಲ್ಲಿ ತೋರಿಸಿದ್ದು ಬೇರೆ: ನಿಲ್ಲಿಸಿದ ಕೆಲಸ ಕಣ್ಣೆದುರು ಸಿಕ್ಕರೆ, ಬಹುಮಾನದ ಆಸೆ ಇಲ್ಲದೆಯೂ, ಮನುಷ್ಯರು ಅದಕ್ಕೆ ಮರಳಿ ಕೈ ಹಾಕುತ್ತಾರೆ. ಈಚಿನ ಪರಾಮರ್ಶೆಗಳಲ್ಲಿ ಉಳಿದುಕೊಂಡಿರುವುದು ಇದೇ. ಕಿಟ್ಟಿಗೆ ಇದನ್ನು ಅನ್ವಯಿಸಿದರೆ ಅಟ್ಟವೇ ತಪ್ಪಿತಸ್ಥ. ಮರಳಿ ಕೈ ಹಾಕುವ ಸ್ವಭಾವ ನಮ್ಮಲ್ಲಿದೆ. ಅದಕ್ಕೆ ವಸ್ತು ಎದುರಿಗಿರಬೇಕು. ಮೇಲೆತ್ತಿಟ್ಟ ಪೆಟ್ಟಿಗೆ ಆ ಅವಕಾಶವನ್ನೇ ಕಸಿಯುತ್ತದೆ. ಮುಗಿಸುವ ಇಚ್ಛೆಯಿಲ್ಲದೆ ಮತ್ತೆ ಕಟ್ಟಿಡುವುದು ಕೆಟ್ಟ ದಾರಿ ಎಂದದ್ದು ಇದಕ್ಕಾಗಿ.

ಇನ್ನೊಂದು ಆಕ್ಷೇಪ ಈ ಹವ್ಯಾಸದಲ್ಲಿ ನುರಿತವರದು. ಹಳೆಯ ಕಿಟ್ ತಪ್ಪುಗಳ ಗಂಟು, ಹೊಸ ಅಚ್ಚುಗಳು ಎಷ್ಟೋ ಮೇಲು, ಹಳೆಯದರ ಮೇಲೆ ಬೆವರು ಸುರಿಸುವುದೇಕೆ? ಮಾತು ಸುಳ್ಳಲ್ಲ. ಏರ್‌ಫಿಕ್ಸಿನ 1953ರ ಸ್ಪಿಟ್‌ಫೈರಿನ ಆಕಾರ ಅಷ್ಟು ಸರಿಯಿರಲಿಲ್ಲ. ಕಂಪನಿಯೇ ಕೆಲವು ವರ್ಷಗಳಲ್ಲಿ ಬೇರೆ ಸ್ಪಿಟ್‌ಫೈರ್ ತಂದಿತು. ಹಳೆಯ ಅಚ್ಚುಗಳಲ್ಲಿ ಲೋಹದ ಹಾಳೆಗಳ ಅಂಚು ಉಬ್ಬುಗೆರೆಯಾಗಿ ಬರುತ್ತಿತ್ತು, ಈಗ ಕೊರೆದ ಗೆರೆಯಾಗಿ ಬರುತ್ತದೆ. ಆದರೆ ಈ ಆಕ್ಷೇಪವೇ ಎಷ್ಟೋ ಕಿಟ್‌ಗಳನ್ನು ಎರಡನೆಯ ಸಲ ನಿಲ್ಲಿಸುವ ಕಾಯಿಲೆ. ಹದಿನಾಲ್ಕರ ಹುಡುಗನಿಗೆ ಕಾಣದ ತಪ್ಪು ಐವತ್ತರವನಿಗೆ ಕಾಣುತ್ತದೆ. ರಿವೆಟ್ಟಿನ ಸಾಲು ತಪ್ಪು, ಮೂತಿ ಮೊಂಡು ಎಂದು ತಿದ್ದಲು ಹೊರಟರೆ ತಿದ್ದುಪಡಿಗೆ ಕೊನೆಯಿಲ್ಲ. ದುರಸ್ತಿಯ ಅಳತೆಗೋಲು ಬೇರೆ ಎಂದದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಹಳೆಯ ಮರದ ಬಾಗಿಲನ್ನು ಸರಿಪಡಿಸುವ ಬಡಗಿ ಅದು ಹೊಸ ಬಾಗಿಲಿನಂತೆ ಆಗಲಿಲ್ಲವೆಂದು ಕೊರಗುವುದಿಲ್ಲ. ಮುಚ್ಚಿ ತೆರೆಯುತ್ತದೆಯೆ ಎಂದು ನೋಡುತ್ತಾನೆ. ಕಿಟ್ಟನ್ನೂ ಅದು ಹೊರಬಂದ ಕಾಲದ ಮಟ್ಟಕ್ಕೆ ಮುಗಿಸಬೇಕು: ಸಂದು ಕಾಣಬಾರದು, ರೆಕ್ಕೆ ಎರಡೂ ಸಮವಿರಬೇಕು, ಬಣ್ಣ ಚೊಕ್ಕಟವಾಗಿರಬೇಕು. ಉಬ್ಬುಗೆರೆಗಳು ಉಬ್ಬಾಗಿಯೇ ಇರಲಿ. ಅಂದಿನವರು ಆ ವಿಮಾನವನ್ನು ಎಷ್ಟು ಬಲ್ಲವರಾಗಿದ್ದರು ಎಂಬುದಕ್ಕೆ ಅವೇ ದಾಖಲೆ. ಅತಿ ನಿಖರವಾದ ಮಾದರಿ ಬೇಕೆನ್ನುವವರು ಅದಕ್ಕಾಗಿ ಹೊಸ ಕಿಟ್ ಕೊಳ್ಳುವುದೇ ಮೇಲು. ಎರಡು ಆಸೆಗಳನ್ನು ಒಂದೇ ಪ್ಲಾಸ್ಟಿಕ್ಕಿನ ಮೇಲೆ ಹೇರಬಾರದು.

ಡೆಕಾಲ್ ಹಾಳಾಗುವುದು ನಷ್ಟದಂತೆ ಕಾಣುತ್ತದೆ, ಆದರೆ ಅದರಲ್ಲಿ ಒಂದು ಬಿಡುಗಡೆಯೂ ಇದೆ. ಪೆಟ್ಟಿಗೆಯಲ್ಲಿ ಬಂದ ಗುರುತುಗಳು ಹೆಚ್ಚಾಗಿ ಬ್ರಿಟನ್, ಅಮೆರಿಕ, ಜರ್ಮನಿಯವು. ಅವು ಉದುರಿಹೋದ ಮೇಲೆ ವಿಮಾನ ಯಾರದೆಂದು ಹೊಸದಾಗಿ ತೀರ್ಮಾನಿಸುವ ಹಕ್ಕು ಮುಗಿಸುವವರದು. ಗ್ನಾಟ್ ಯುದ್ಧವಿಮಾನದ ಕಿಟ್ಟಿಗೆ ಭಾರತೀಯ ವಾಯುಪಡೆಯ ತ್ರಿವರ್ಣ ಚಕ್ರ ಹಚ್ಚಬಹುದು. ಎಚ್‌ಎಎಲ್ ಅದನ್ನು ಬೆಂಗಳೂರಿನಲ್ಲೇ ತಯಾರಿಸಿತ್ತು. ಲಿಬರೇಟರನ್ನು ಮೇಲೆ ಹೇಳಿದ ದುರಸ್ತಿಯ ವಿಮಾನಗಳಲ್ಲಿ ಒಂದನ್ನಾಗಿಸಬಹುದು. ನೌಕಾಪಡೆಯ ಸೀ ಹಾಕ್ ಇದ್ದರೆ 1971ರ ಡಿಸೆಂಬರಿನಲ್ಲಿ ವಿಮಾನವಾಹಕ ನೌಕೆ ವಿಕ್ರಾಂತದ ಮೇಲಿಂದೆದ್ದು ಕಾಕ್ಸ್ ಬಜಾರಿನತ್ತ ಹೋದ ಪಡೆಯದ್ದಾಗಿಸಬಹುದು. ಮುಂಬಯಿಗೆ ಇದು ಬರಿಯ ಅಲಂಕಾರವಲ್ಲ. 1928ರಿಂದ ಜುಹೂ ವಿಮಾನ ನಿಲ್ದಾಣವಿರುವ ಊರಿದು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಪುಸ್ ಮಾತ್ ವಿಮಾನದಲ್ಲಿ ಟಪಾಲು ತಂದಿಳಿಸಿದ್ದು ಅಲ್ಲೇ, ನೆವಿಲ್ ವಿನ್ಸೆಂಟ್ ಅದನ್ನು ಮುಂದೆ ಬಳ್ಳಾರಿಯ ಮೇಲೆ ಮದರಾಸಿಗೆ ಒಯ್ದದ್ದು ಅಲ್ಲಿಂದಲೇ. ಇಷ್ಟು ಇತಿಹಾಸಕ್ಕೆ ಕಣ್ಣಿಗೆ ಕಾಣುವ ಕುರುಹು ಕಡಿಮೆ. ವರ್ಲಿಯ ನೆಹರೂ ವಿಜ್ಞಾನ ಕೇಂದ್ರದ ಅಂಗಳದಲ್ಲಿ ಎಚ್‌ಎಎಲ್‌ನ ಮಾರುತ್ ಯುದ್ಧವಿಮಾನ ಒಂದಿದೆ. 1997ರಲ್ಲಿ ನಿವೃತ್ತವಾದ ವಿಕ್ರಾಂತ ಕೆಲಕಾಲ ಮ್ಯೂಸಿಯಂ ಆಗಿದ್ದು, 2014ರಲ್ಲಿ ಗುಜರಿಗೆ ಮಾರಾಟವಾಗಿ ಇದೇ ಊರಿನಲ್ಲಿ ಒಡೆಯಲ್ಪಟ್ಟಿತು. 1971ರಲ್ಲಿ ಬಂದ ಏರ್ ಇಂಡಿಯಾದ ಜಂಬೊ ಪರಂಪರೆ 2024ರ ಏಪ್ರಿಲಿನಲ್ಲಿ ಕೊನೆಯ ವಿಮಾನ ಮುಂಬಯಿಯಿಂದ ಅಮೆರಿಕದ ಗುಜರಿಯತ್ತ ಹೊರಟಾಗ ಮುಗಿಯಿತು. ದೊಡ್ಡದನ್ನು ಉಳಿಸಿಕೊಳ್ಳಲು ಈ ಊರಿಗೆ ಜಾಗವಿಲ್ಲ. ಕಿರಿದಾಗಿ ಉಳಿಸಿಕೊಳ್ಳುವುದು ಮನೆಮನೆಯಲ್ಲೂ ಸಾಧ್ಯ.

ಕಿರಿದಾಗಿಯೂ ಜಾಗ ಬೇಕಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದು. ಮುಂಬಯಿಯ ಹಳೆಯ ಬಿಡಿಡಿ ಚಾಳಿನ ಕೋಣೆ 160 ಚದರಡಿ. ರಿಡೆವಲಪ್‌ಮೆಂಟಿನಲ್ಲಿ ಅದಕ್ಕೆ ಬದಲಾಗಿ ಸಿಗುವ ಮನೆ 500 ಚದರಡಿ. ಎರಡರಲ್ಲೂ ಶೋಕೇಸಿನ ಒಂದೊಂದು ಗೇಣಿಗೂ ಹಕ್ಕುದಾರರಿದ್ದಾರೆ. ಅಳತೆ ಹಾಕಿ ನೋಡಿದರೆ ಉತ್ತರ ವಿಮಾನದಿಂದ ವಿಮಾನಕ್ಕೆ ಬದಲಾಗುತ್ತದೆ. 1/72ರಲ್ಲಿ ಗ್ನಾಟ್‌ನ ಉದ್ದ 12 ಸೆಂಟಿಮೀಟರ್, ಅಂಗೈಯಲ್ಲಿ ಹಿಡಿಸುತ್ತದೆ. ಮಾರುತ್ 22 ಸೆಂಟಿಮೀಟರ್. ಲಿಬರೇಟರಿನ ರೆಕ್ಕೆಯ ಹರವು 46 ಸೆಂಟಿಮೀಟರ್ ದಾಟುತ್ತದೆ, 1/144ರ ಜಂಬೊ ಅರ್ಧ ಮೀಟರಿಗೆ ಮುಟ್ಟುತ್ತದೆ. ಮುಗಿಯದ ಕಿಟ್ ಹಿಡಿಯುವ ಜಾಗವೂ ಕಡಿಮೆಯಲ್ಲ. ಪೆಟ್ಟಿಗೆ, ಸ್ಪ್ರೂ, ಒಣಗಿದ ಬಣ್ಣದ ಡಬ್ಬಿ ಎಲ್ಲ ಸೇರಿ ಮುಗಿದ ಗ್ನಾಟ್‌ನ ಹಲವು ಪಟ್ಟು. ದೊಡ್ಡ ವಿಮಾನವನ್ನು ಚಕ್ರ ಮಡಚಿದ ಸ್ಥಿತಿಯಲ್ಲಿ ಕಟ್ಟಿ ಸ್ಟ್ಯಾಂಡಿನ ಮೇಲೋ ಗೋಡೆಯ ಮೇಲೋ ನಿಲ್ಲಿಸಬಹುದು, ಎನ್‌ಸಿಸಿ ಏರ್ ವಿಂಗ್ ಇರುವ ಕಾಲೇಜಿಗೋ ಶಾಲೆಯ ಗ್ರಂಥಾಲಯಕ್ಕೋ ಕೊಡಬಹುದು. ಅರ್ಧ ವಿಮಾನವನ್ನು ಯಾವ ಶಾಲೆಯೂ ಪಡೆಯುವುದಿಲ್ಲ. ಯುದ್ಧದ ಯಂತ್ರಗಳನ್ನು ಮುದ್ದು ಮಾಡುವ ಹವ್ಯಾಸವಿದು ಎಂಬ ದೂರಿಗೆ ಪೂರ್ತಿ ಉತ್ತರವಿಲ್ಲ, ಸೇನಾ ವಿಮಾನಗಳೇ ಕಿಟ್‌ಗಳಲ್ಲಿ ಹೆಚ್ಚು. ಆದರೆ ಟಪಾಲು ವಿಮಾನಕ್ಕೂ ಜಂಬೊಗೂ ಇದೇ ಅಂಟು, ಇದೇ ಬಣ್ಣ. ಬಾಂಬರನ್ನು ಕಟ್ಟುವವನು ಅದು ಎಲ್ಲಿ ಏನು ಮಾಡಿತೆಂದು ಓದಿದರೆ, ಓದದೆ ಚಿತ್ರ ನೋಡಿ ಹಿಗ್ಗುವವನಿಗಿಂತ ಹೆಚ್ಚೇ ತಿಳಿದುಕೊಳ್ಳುತ್ತಾನೆ.

ಕೊನೆಯದು ನಾಜೂಕಿನ ಪ್ರಶ್ನೆ. ಪೆಟ್ಟಿಗೆ ತಂದೆಯದೋ ಅಣ್ಣನದೋ ಆಗಿದ್ದು, ಶುರು ಮಾಡಿದವರು ಈಗ ಇಲ್ಲದಿದ್ದರೆ? ಇದ್ದ ಹಾಗೆಯೇ ಇರಲಿ ಎಂಬ ಮನಸ್ಸು ಸಹಜ. ಅಲ್ಲಿ ಮ್ಯೂಸಿಯಮ್ಮುಗಳ ದುರಸ್ತಿ ವಿಭಾಗಗಳು ಪಾಲಿಸುವ ಎರಡು ನಿಯಮ ನೆರವಾಗುತ್ತವೆ: ಮೂಲದವರ ಕೈಕೆಲಸವನ್ನು ಅಗತ್ಯಕ್ಕಿಂತ ಹೆಚ್ಚು ಅಳಿಸಬೇಡ, ನೀನು ಮಾಡಿದ್ದು ಯಾವುದೆಂದು ಬರೆದಿಡು. ಅವರು ಬಣ್ಣ ಹಚ್ಚಿದ ಕಾಕ್‌ಪಿಟ್ಟು, ಪೈಲಟ್‌ನ ಮುಖ ಹಾಗೆಯೇ ಇರಲಿ. ಕೆಲಸ ಕೆಡದಿರುವ ಕಡೆ ಬಣ್ಣ ಕೀಳಬೇಡಿ. ರೆಕ್ಕೆಯ ಅಡಿಯಲ್ಲಿ ಶುರು ಮಾಡಿದವರ ಹೆಸರು, ಮುಗಿಸಿದವರ ಹೆಸರು, ಎರಡು ಇಸವಿ ಬರೆಯಲು ಅರ್ಧ ಅಂಗುಲ ಸಾಕು. ಎಲ್ಲವನ್ನೂ ಮುಗಿಸಲೇಬೇಕೆಂಬ ಹಟವೂ ಬೇಡ. ಒಡಲು ಕರಗಿದ್ದರೆ, ಅರ್ಧಕ್ಕಿಂತ ಹೆಚ್ಚು ಭಾಗ ಕಳೆದಿದ್ದರೆ, ಅಥವಾ ಆ ವಿಮಾನದ ಮೇಲೆ ಆಸಕ್ತಿಯೇ ಹೋಗಿದ್ದರೆ ಅದನ್ನು ಚಕ್ರ, ಪ್ರೊಪೆಲ್ಲರ್, ಕ್ಷಿಪಣಿಗಳ ಉಗ್ರಾಣವಾಗಿ ಬಳಸಿ. ಒಂದರ ಅಂಗದಿಂದ ಇನ್ನೊಂದು ಎದ್ದು ನಿಲ್ಲುವುದು ಕಾನ್ಪುರದ ಲಿಬರೇಟರುಗಳ ವಿಷಯದಲ್ಲೂ ನಡೆದದ್ದೇ. ಉಳಿದವುಗಳಲ್ಲಿ ಮೊದಲು ಎತ್ತಿಕೊಳ್ಳಬೇಕಾದದ್ದು ಅತ್ಯಂತ ಪ್ರೀತಿಯ ಕಿಟ್ಟನ್ನಲ್ಲ, ಅತಿ ಕಡಿಮೆ ಕೆಲಸ ಬಾಕಿ ಇರುವುದನ್ನು. ಬಣ್ಣ ಕೀಳುವುದು, ಗಾಜು ತಿಕ್ಕುವುದು, ಮುದಿ ಡೆಕಾಲನ್ನು ಹದಗೊಳಿಸುವುದು ಇವೆಲ್ಲ ಅದರ ಮೇಲೆ ಕಲಿತರೆ ನಷ್ಟ ಸಣ್ಣದು, ಕಲಿಕೆ ದೊಡ್ಡದು. ಪ್ರೀತಿಯ ಕಿಟ್ಟಿನ ಸರದಿ ಬರುವಷ್ಟರಲ್ಲಿ ಕೈ ಪಳಗಿರುತ್ತದೆ.